ಒಬ್ಬನೇ ಮತದಾರ

ಈಜುಕೊಳದ ಗಾಜಿನ ಬಾಗಿಲಿಗೆ ಎರಡು ಪಟ್ಟಿ ಅಂಟಿಸಿದ್ದೇ ಎಲ್ಲ ಅನಾಹುತಕ್ಕೂ ಕಾರಣವಾಯಿತು. ಅಂಟಿಸಿದವನೂ ಉಲ್ಫಾರನೇ. ಎಡಗಡೆಯದು ಮತದಾರರ ಪಟ್ಟಿ, ಅರವತ್ತಮೂರು ಹೆಸರು. ಬಲಗಡೆಯದು ಅಭ್ಯರ್ಥಿಗಳ ಪಟ್ಟಿ, ಅರವತ್ತೆರಡು ಹೆಸರು. ಎಡಕ್ಕಿದ್ದು ಬಲಕ್ಕಿಲ್ಲದ ಒಂದೇ ಒಂದು ಹೆಸರು ಯಾವುದೆಂದು ಕಂಡುಹಿಡಿಯಲು ಸ್ಕಾರ್ವವಿಕ್ ಊರಿನವರಿಗೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಅದು ಉಲ್ಫಾರನದು.

ಉಲ್ಫಾರ್ ಈಜುಕೊಳದ ಕಾವಲುಗಾರ. ನೀರಿಗಿಳಿಯುವ ಮುಂಚೆ ಗಂಡಸರೆಲ್ಲ ಬಟ್ಟೆ ಬಿಚ್ಚಿ, ಸೋಪು ಹಚ್ಚಿ, ಸರಿಯಾಗಿ ತೊಳೆದುಕೊಂಡರೋ ಇಲ್ಲವೋ ಎಂದು ನೋಡುವುದು ಅವನ ಕೆಲಸ. ಇಪ್ಪತ್ತು ವರ್ಷ ಅವರನ್ನೆಲ್ಲ ಹುಟ್ಟುಡುಗೆಯಲ್ಲಿ ನೋಡಿದವನಿಗೆ ಯಾರ ಮೇಲೂ ವಿಶೇಷ ಭಯಭಕ್ತಿ ಉಳಿದಿರಲಿಲ್ಲ. ಆದರೆ ಯಾರ ಮುಖಕ್ಕೂ 'ಆಗಲ್ಲ' ಎನ್ನುವ ಧೈರ್ಯವೂ ಇರಲಿಲ್ಲ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುವ ಜಾತಿಯ ಮನುಷ್ಯ. ಚುನಾವಣೆಗೆ ಅರ್ಜಿ ಹಾಕುವ ಕೊನೆಯ ದಿನ ಅವನು ಕೊಳದ ಪಂಪು ಬಿಚ್ಚಿಕೊಂಡು ಕೂತಿದ್ದ. ನೆನಪಾಗುವಷ್ಟರಲ್ಲಿ ಗಡುವು ಮುಗಿದಿತ್ತು.

ಚುನಾವಣೆ ಯಾತಕ್ಕೆಂದರೆ, ಎರಡು ವರ್ಷದ ಹಿಂದೆ ಐಸ್‌ಲ್ಯಾಂಡಿನ ದೊಡ್ಡ ಬ್ಯಾಂಕುಗಳು ಒಂದರ ಹಿಂದೊಂದು ಮಗುಚಿದಾಗ ಈ ಊರಿನ ಪುಟ್ಟ ಉಳಿತಾಯ ಬ್ಯಾಂಕೂ ಮಗುಚಿತು. ಅದರ ಜೊತೆ ಮೀನಿನ ಕಾರ್ಖಾನೆ ಹೋಯಿತು, ದೋಣಿಗಳು ಹೋದವು, ಪುರಸಭೆಯ ಕಟ್ಟಡಕ್ಕೂ ಬೀಗ ಬಿತ್ತು. ಯಾರನ್ನು ಕೇಳಿದರೂ, 'ಏನ್ಮಾಡೋದು, ಪ್ರಪಂಚದಲ್ಲೆಲ್ಲ ಹಾಗೇ ಆಯ್ತಲ್ಲ' ಎಂಬ ಒಂದೇ ಉತ್ತರ. ಹಡಗು ಮುಳುಗಿದರೆ ಕಪ್ತಾನನನ್ನು ಹಿಡಿದು ಕೇಳುತ್ತಾರೆ. ಬ್ಯಾಂಕು ಮುಳುಗಿದರೆ ಮಾತ್ರ ಗಾಳಿಯ ಮೇಲೆ ತಪ್ಪು ಹೊರಿಸುತ್ತಾರೆ! ಜನ ಪ್ರತಿಭಟನೆಗೆಂದು ಬೀದಿಗಿಳಿದು ಬಾಣಲೆ ಬಡಿದರು, ಸೌಟು ಮುರಿದರು, ಕೊನೆಗೆ ಸಭೆ ಸೇರಿ ಒಂದು ತೀರ್ಮಾನಕ್ಕೆ ಬಂದರು. ಊರಿನ ಪ್ರಾಮಾಣಿಕತೆ ಕಾಯಲು ಒಬ್ಬ ನೀತಿಪಾಲಕ ಬೇಕು. ಉಳಿದಿರುವ ಬಂದರು, ಈಜುಕೊಳ ಎರಡನ್ನೂ ಅವನ ರುಜುವಿಲ್ಲದೆ ಯಾರೂ ಮಾರಬಾರದು. ತಪ್ಪು ಮಾಡಿದವರನ್ನು ಕರೆಸಿ ವಿಚಾರಿಸುವ ಅಧಿಕಾರವೂ ಅವನದೇ. ತೀರ್ಮಾನವೇನೋ ಬಂಗಾರದಂಥದು. ಆದರೆ 'ನಮ್ಮೂರಲ್ಲಿ ಪ್ರಾಮಾಣಿಕರು ಯಾರು?' ಎಂದು ಕೇಳಿದಾಗ ಎಲ್ಲರೂ ತಂತಮ್ಮ ಹೆಸರನ್ನೇ ಬರೆದುಕೊಟ್ಟರು.

ಬ್ಯಾಂಕಿನ ಮಾಜಿ ಮ್ಯಾನೇಜರ್ ಕೊನ್ರಾದ್ ಕೂಡ ಬರೆದುಕೊಟ್ಟಿದ್ದ. ಅದನ್ನು ನೋಡಿ ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಉಲ್ಫಾರನ ಮತ ಯಾರಿಗೆಂಬುದು ಅವನ ಮನಸ್ಸಿನಲ್ಲಿ ಎಂದೋ ತೀರ್ಮಾನವಾಗಿತ್ತು. ನಲವತ್ತು ವರ್ಷ ಮೀನು ಸೀಳಿದ ಮುದುಕಿ ಸೈಯುನ್‌ಗೆ. ಬ್ಯಾಂಕು ಮುಳುಗುವ ಮುಂಚಿನ ವರ್ಷ, ವಾರ್ಷಿಕ ಸಭೆಯಲ್ಲಿ ಅವಳೊಬ್ಬಳೇ ಎದ್ದು, "ಹಿಡಿಯೋ ಮೀನು ಕಮ್ಮಿ ಆಗ್ತಿದೆ, ಲಾಭ ಮಾತ್ರ ಏರ್ತಿದೆ. ಇದು ಎಲ್ಲಿಂದ ಬರ್ತಿದೆ?" ಎಂದು ಕೇಳಿದ್ದಳು. ಕೊನ್ರಾದ್ ನಗುತ್ತ, "ಅಜ್ಜಿಗೆ ಇನ್ನೊಂದು ಕಪ್ ಕಾಫಿ ಕೊಡ್ರಪ್ಪ" ಎಂದಿದ್ದ. ಸಭೆ ಗೊಳ್ಳೆಂದಿತ್ತು. ಉಲ್ಫಾರನೂ ನಕ್ಕಿದ್ದ. ಅಂದಿನಿಂದ ಆ ಮುದುಕಿ ಎದುರಿಗೆ ಬಂದರೆ ಅವನಿಗೆ ತಲೆಯೆತ್ತಲು ಆಗುತ್ತಿರಲಿಲ್ಲ. ಅವಳನ್ನು ಆ ಕುರ್ಚಿಯಲ್ಲಿ ಕೂರಿಸಿದರೆ ತಾನು ನಕ್ಕಿದ್ದಕ್ಕೆ ಪರಿಹಾರವಾದೀತು, ಊರಿಗೂ ಬಂದರು ಉಳಿದೀತು ಎಂದು ಅವನ ಲೆಕ್ಕ.

ಶನಿವಾರ ಬೆಳಿಗ್ಗೆ ಹೆಂಡತಿ ಆಲ್ದಿಸ್ ತಟ್ಟೆಗೆ ಬಿಸಿ ಬಿಸಿ ಪ್ಯಾನ್‌ಕೇಕ್ ಹಾಕುತ್ತ ಕೇಳಿದಳು. "ನಿನ್ನ ಮತ ನಂಗೆ ತಾನೆ?"

"ಇನ್ಯಾರಿಗೆ?"

"ಇನ್ಯಾರಿಗೆ ಅಂದ್ರೆ? ನಾನು ನಿಂತಿಲ್ದೆ ಇದ್ರೆ ಇನ್ಯಾರಿಗೋ ಹಾಕ್ತಿದ್ಯಾ?"

"ಅಯ್ಯೋ, ನಿಂಗೇ ಕಣೆ! ನಿಂಗೇ!" ಎಂದು ಉಲ್ಫಾರ್ ಪ್ಯಾನ್‌ಕೇಕನ್ನು ಬಾಯಿಗೆ ತುರುಕಿಕೊಂಡು ಓಡಿದ. ಅದು ದಿನದ ಮೊದಲ ಸುಳ್ಳು.

ಎರಡನೆಯದು ಸ್ನಾನದ ಕೋಣೆಯಲ್ಲಿ ಕಾದಿತ್ತು. ಪಾದ್ರಿ ಥೋರ್ಲಾಕ್ ಮೈಮೇಲೆ ಸೋಪಿನ ನೊರೆಯ ಹೊರತು ಏನೂ ಇಲ್ಲದೆ ನಿಂತಿದ್ದರೂ ಪ್ರವಚನಪೀಠದ ಗಾಂಭೀರ್ಯ ಬಿಟ್ಟಿರಲಿಲ್ಲ.

"ನೋಡು ಉಲ್ಫಾರ್, ನೀತಿ ಅನ್ನೋದು ನನ್ನ ಕಸುಬು. ನಿನ್ನ ಮೂರು ಮಕ್ಕಳಿಗೂ ನೀರು ಚಿಮುಕಿಸಿ ಹೆಸರಿಟ್ಟೋನು ನಾನು. ನಾಳೆ ನಿನ್ನನ್ನ ಮಣ್ಣು ಮಾಡೋನೂ ನಾನೇ. ಮಧ್ಯದಲ್ಲಿ ಒಂದು ಮತ ಕೇಳಿದ್ರೆ ತಪ್ಪಾ?"

"ತಪ್ಪೇನಿದೆ, ಹಾಕ್ತೀನಿ. ಆದ್ರೆ ಕಂಕುಳು ಇನ್ನೊಂದ್ಸಲ ತೊಳ್ಕೊ."

ಅಲ್ಲಿಂದ ತಪ್ಪಿಸಿಕೊಂಡರೆ ಬಿಸಿನೀರಿನ ಹೊಂಡದಲ್ಲಿ ಕತ್ತಿನ ತನಕ ಮುಳುಗಿ ಅತ್ತೆ ಪೆತ್ರೀನಾ ಕೂತಿದ್ದಳು. ದಡದ ಮೇಲೆ ಅವಳೇ ಹೆಣೆದ ಉಣ್ಣೆ ಟೋಪಿ.

"ತಗೋ, ಹಾಕ್ಕೊ. ಮತ ನಂಗೆ."

"ಅತ್ತೆ, ಇದು ಲಂಚ ಅಲ್ವಾ? ನೀತಿಪಾಲಕರ ಚುನಾವಣೆ..."

"ಲಂಚ ಯಾವ್ದು, ಟೋಪಿ ಯಾವ್ದು ಗೊತ್ತಾಗಲ್ವಾ ನಿಂಗೆ? ಚಳಿಗೆ ಕೊಟ್ಟಿದ್ದು. ನನ್ನ ಮಗಳಿಗೆ ಹಾಕ್ತೀಯ ಅಂತ ಮಾತ್ರ ಹೇಳ್ಬೇಡ. ಅವಳಿಗೆ ಮನೆ ನಡೆಸೋಕೇ ಬರಲ್ಲ, ಊರಿನ ನೀತಿ ನಡೆಸ್ತಾಳಂತೆ!"

ಬ್ಯಾಂಕಿನವರು ಹಾಕಿದ ಟೋಪಿ ಸಾಲದು ಎಂಬಂತೆ ಅದನ್ನೂ ಹಾಕಿಕೊಂಡು ಉಲ್ಫಾರ್ ಮಾತು ಕೊಟ್ಟ. ಆಮೇಲೆ ಟಪಾಲಿನವಳು ಒಣಮೀನು ತಂದಳು. ಪಕ್ಕದ ಮನೆಯವನು ಹೊಗೆ ಹಾಕಿದ ಕುರಿತೊಡೆ ತಂದು, "ಇದು ಸ್ನೇಹಕ್ಕೆ ಕಣೋ, ಮತಕ್ಕಲ್ಲ. ಆದ್ರೆ ಮತ ಮರೀಬೇಡ" ಎಂದ. ಭ್ರಷ್ಟಾಚಾರ ಹೇಗೆ ಅಳಿಸಬೇಕೆಂದು ಭಾಷಣ ಮಾಡುತ್ತಲೇ ಬಂದವರು ಯಾರೂ ಬರಿಗೈಯಲ್ಲಿ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಉಲ್ಫಾರ್ ಹತ್ತೊಂಬತ್ತು ಜನರಿಗೆ ತನ್ನ ಒಂದೇ ಮತವನ್ನು ಕೊಟ್ಟು ಮುಗಿಸಿದ್ದ.

ಕೊಳಕ್ಕೆ ಬಂದೂ ಮತ ಕೇಳದವರು ಇಬ್ಬರೇ. ಸೈಯುನ್ ಎಂದಿನಂತೆ ಈಜಲು ಬಂದಾಗ ಅವನೇ ಹತ್ತಿರ ಹೋಗಿ, "ಸೈಯುನ್, ನನ್ನ ಮತ..." ಎಂದು ಶುರುಮಾಡಿದ.

"ಬಾಯ್ಮುಚ್ಚು! ಗುಟ್ಟಿನ ಮತ ಅಂದ್ಮೇಲೆ ಗುಟ್ಟಾಗಿರ್ಬೇಕು. ನಿಂಗೆ ಸರಿ ಅನ್ಸಿದೋರಿಗೆ ಹಾಕು" ಎಂದು ಮುದುಕಿ ನೀರಿಗಿಳಿದಳು.

ಇನ್ನೊಬ್ಬ ಕೊನ್ರಾದ್. ಹೇಳಿಸಿಕೊಳ್ಳದೆ ಎರಡೆರಡು ಸಲ ಸೋಪು ಹಚ್ಚಿ ತೊಳೆದುಕೊಂಡ. "ನಾನು ಕೇಳಲ್ಲ ಉಲ್ಫಾರ್. ಕೇಳೋ ಮುಖ ನಂಗೆಲ್ಲಿದೆ?" ಎಂದು ತಲೆ ತಗ್ಗಿಸಿ ಹೋದ. ಉಲ್ಫಾರನಿಗೆ ಪಾಪ ಅನ್ನಿಸಿತು. ಊರಿನ ಅನ್ನ ಕಿತ್ತುಕೊಂಡವನನ್ನು ಕಂಡು ಪಾಪ ಅನ್ನಿಸುವುದೂ ಒಂದು ರೋಗವೇ.

ಮತದಾನ ನಡೆದದ್ದೂ ಈಜುಕೊಳದ ಒಳಗೇ. ಊರಿಗೆ ಉಳಿದ ಚಾವಣಿ ಅದೊಂದೇ ತಾನೆ. ಪಕ್ಷಪಾತ ಬೇಡವೆಂದು ಪಕ್ಕದೂರಿನ ಮುಖ್ಯೋಪಾಧ್ಯಾಯಿನಿ ಹಾಲ್ದೋರಾಳನ್ನು ಚುನಾವಣಾಧಿಕಾರಿಯಾಗಿ ಕರೆಸಿದ್ದರು. ಅವಳು ನಿಯಮದ ಪುಸ್ತಕವನ್ನು ಗಟ್ಟಿಯಾಗಿ ಓದಿದಳು. ಚೀಟಿಯಲ್ಲಿ ಎರಡು ಹೆಸರು ಬರೆಯಬೇಕು. ಮೊದಲ ಹೆಸರಿಗೆ ಎರಡು ಅಂಕ, ಎರಡನೆಯದಕ್ಕೆ ಒಂದು. ಎರಡನೆಯದನ್ನು ಖಾಲಿ ಬಿಟ್ಟರೆ ಮತ ಅಸಿಂಧು. ಅದರಲ್ಲಿ ಮೊದಲನೆಯದನ್ನೇ ಮತ್ತೆ ಬರೆದರೂ ಅಸಿಂಧು. ದಪ್ಪ ಚೀಟಿಯನ್ನು ಮಡಿಸಿದರಂತೂ ಅಸಿಂಧುವೇ.

ಮೂರು ಗಂಟೆಗೆ ಅರವತ್ತೆರಡು ಜನರೂ ಮತ ಹಾಕಿಯಾಗಿತ್ತು. ಒಬ್ಬರೂ ಮನೆಗೆ ಹೋಗಿರಲಿಲ್ಲ. ಉಲ್ಫಾರ್ ಚೀಟಿ, ಪೆನ್ಸಿಲು ಹಿಡಿದು ಬಂದು ನೋಡುತ್ತಾನೆ, ಮರೆಗೆಂದು ನಿಲ್ಲಿಸಿದ್ದ ರಟ್ಟು ಬಿಸಿನೀರಿನ ಆವಿಗೆ ನೆನೆದ ಬಿಸ್ಕತ್ತಿನಂತೆ ಬಗ್ಗಿ ಮಲಗಿದೆ. ಹಿಂದೆ ತಿರುಗಿದರೆ ಪಾದ್ರಿ ಚಾವಣಿ ನೋಡುತ್ತಿದ್ದ. ಪೆತ್ರೀನಾ ಕನ್ನಡಕ ಒರೆಸುತ್ತಿದ್ದಳು. ಆಲ್ದಿಸ್ ಮಾತ್ರ ಯಾವ ನಾಟಕವೂ ಇಲ್ಲದೆ ನೆಟ್ಟಗೆ ಚೀಟಿಯನ್ನೇ ನೋಡುತ್ತಿದ್ದಳು.

"ಬರಿ, ಬರಿ. ನಾವ್ಯಾರೂ ನೋಡಲ್ಲ" ಎಂದಳು ಪೆತ್ರೀನಾ, ಕನ್ನಡಕ ಹಾಕಿಕೊಂಡು.

ಉಲ್ಫಾರ್ ಚೀಟಿಯನ್ನು ಎದೆಗವಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ. ಅವರು ಒಂದು ಹೆಜ್ಜೆ ಮುಂದೆ ಬಂದರು. ಅವನು ಇನ್ನೊಂದು ಹೆಜ್ಜೆ ಸರಿದ. ಮೂರನೆಯ ಹೆಜ್ಜೆಗೆ ನೆಲ ಇರಲಿಲ್ಲ. ಬೂಟು, ಕೋಟು, ಅತ್ತೆಯ ಟೋಪಿ ಸಮೇತ ಧುಡುಮ್ಮನೆ ಕೊಳದೊಳಗೆ ಬಿದ್ದ. ಮುಳುಗಿ ಎದ್ದಾಗ ಚೀಟಿ ಹಿಡಿದ ಕೈ ಮಾತ್ರ ನೀರಿನ ಮೇಲೆಯೇ ಇತ್ತು.

"ಅಯ್ಯೋ, ಹಿಡೀರಿ! ಮುಳುಗ್ತಾನೆ! ಮೊದ್ಲು ಆ ಚೀಟಿ ಹಿಡೀರಿ!" ಎಂದು ಪೆತ್ರೀನಾ ಕೂಗಿದಳು. ನಾಲ್ಕೈದು ಜನ ಅಂಚಿಗೆ ನುಗ್ಗಿದರು.

ಎದೆಮಟ್ಟದ ನೀರಿನಲ್ಲಿ ನಿಂತು ಉಲ್ಫಾರ್ ಜೀವಮಾನದಲ್ಲೇ ಮೊದಲ ಸಲ ಗುಡುಗಿದ. "ನಿಲ್ಲಿ! ಸೋಪು ಹಚ್ಚಿ ತೊಳ್ಕೊಳ್ದೆ ಯಾರೂ ನೀರಿಗಿಳೀಬಾರ್ದು!"

ಎಲ್ಲರ ಕಾಲೂ ಅಲ್ಲೇ ನಿಂತವು. ಬ್ಯಾಂಕು ಮುಳುಗಿಸಿದವನಿಗೆ ಆ ದೇಶದಲ್ಲಿ ಕ್ಷಮೆ ಉಂಟು, ತೊಳೆದುಕೊಳ್ಳದೆ ಕೊಳಕ್ಕಿಳಿದವನಿಗೆ ಇಲ್ಲ.

"ಹಾಗಾದ್ರೆ ಇವನು ಇಳಿದಿದ್ದಾನಲ್ಲ?" ಎಂದ ಪಾದ್ರಿ.

"ಇಳಿದಿಲ್ಲ, ಬಿದ್ದಿದ್ದಾನೆ" ಎಂದು ಹಾಲ್ದೋರಾ ಪುಸ್ತಕ ತಿರುವಿದಳು. "ನೀರಲ್ಲಿ ನಿಂತು ಮತ ಹಾಕ್ಬಾರ್ದು ಅಂತಲೂ ಎಲ್ಲೂ ಬರೆದಿಲ್ಲ."

"ತೊಳ್ಕೊಂಡೇ ಬರ್ತೀನಿ ಇರು!" ಎಂದು ಪೆತ್ರೀನಾ ಸ್ನಾನದ ಕೋಣೆಗೆ ಓಡಿದಳು.

ಸಿಕ್ಕಿದ್ದು ನಾಲ್ಕು ನಿಮಿಷದ ಪ್ರಜಾಪ್ರಭುತ್ವ. ಉಲ್ಫಾರ್ ಕೊಳದ ನಟ್ಟನಡುವಿಗೆ ಹೋಗಿ, ಮಕ್ಕಳು ಈಜು ಕಲಿಯುವ ತೇಲುಹಲಗೆಯ ಮೇಲೆ ಚೀಟಿ ಇಟ್ಟು, 'ಸೈಯುನ್' ಎಂದು ಬರೆದ. ಜೀವನದಲ್ಲಿ ಒಂದು ಕೆಲಸವನ್ನಾದರೂ ನೆಟ್ಟಗೆ ಮಾಡಿದೆ ಅನ್ನಿಸಿ ಕಣ್ಣು ಒದ್ದೆಯಾಯಿತು.

ಎರಡನೆಯ ಹೆಸರು? ಅಷ್ಟರಲ್ಲಿ ಪೆತ್ರೀನಾ ಈಜುಡುಗೆಯಲ್ಲಿ ಪ್ರತ್ಯಕ್ಷಳಾಗಿ ನೀರಿಗೆ ಧುಮುಕಿದಳು. ಹತ್ತೊಂಬತ್ತು ಜನರಲ್ಲಿ ಒಬ್ಬರ ಹೆಸರು ಬರೆದರೆ ಹದಿನೆಂಟು ಜನರಿಗೆ ಸಿಟ್ಟು. ಸೈಯುನ್‌ಗೆ ಎದುರಾಗಬಲ್ಲವರಿಗೆ ಒಂದಂಕವನ್ನೂ ಕೊಡುವ ಹಾಗಿಲ್ಲ. ಹಾಗಾದರೆ ಯಾರೂ ಹಾಕದವನಿಗೆ, ಎಂದೂ ಗೆಲ್ಲದವನಿಗೆ ಹಾಕಿದರಾಯಿತು. 'ಕೊನ್ರಾದ್' ಎಂದು ಗೀಚಿ, ಅತ್ತೆಯ ಕೈಗೆ ಸಿಗದೆ ದಡ ಹತ್ತಿ, ಚೀಟಿಯನ್ನು ಪೆಟ್ಟಿಗೆಗೆ ತುರುಕಿದ.

ಐದು ಗಂಟೆಗೆ ಹಾಲ್ದೋರಾ ಫಲಿತಾಂಶ ಓದಿದಳು. ಮೊದಲ ಆಯ್ಕೆಯ ಮತಗಳು. "ಆಲ್ದಿಸ್, ಒಂದು. ಥೋರ್ಲಾಕ್, ಒಂದು. ಪೆತ್ರೀನಾ, ಒಂದು..." ಹೀಗೆ ಒಂದು, ಒಂದು, ಒಂದು ಎಂದು ಓದುತ್ತಲೇ ಹೋದಳು. ಪಾದ್ರಿಯ ಹೆಂಡತಿ ಪಾದ್ರಿಯ ಮುಖ ನೋಡಿದಳು. ಪಾದ್ರಿ ಅವಳ ಮುಖ ನೋಡಿದ. ಅಣ್ಣತಮ್ಮಂದಿರು ದೂರ ಸರಿದು ನಿಂತರು.

"ಸೈಯುನ್, ಎರಡು."

"ಒಂದು ನಾನೇ ಹಾಕ್ಕೊಂಡಿದ್ದು" ಎಂದಳು ಸೈಯುನ್ ನಿಸ್ಸಂಕೋಚವಾಗಿ. ಇನ್ನೊಂದು ಯಾರದೆಂದು ಬಿಡಿಸಿ ಹೇಳಬೇಕಾಗಲಿಲ್ಲ. ಎಲ್ಲರೂ ಉಲ್ಫಾರನ ಕಡೆ ತಿರುಗಿದರು. ಅವನ ಕೋಟಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"'ನಿಂಗೇ ಕಣೆ' ಅಂದ್ಯಲ್ಲೋ!" ಎಂದಳು ಆಲ್ದಿಸ್.

"ಕೊಡು ನನ್ನ ಟೋಪಿ!" ಎಂದಳು ಪೆತ್ರೀನಾ.

"ಎರಡನೇ ಆಯ್ಕೆ" ಎಂದು ಹಾಲ್ದೋರಾ ಮುಂದುವರಿಸಿದಳು. ಕಾಗದ ನೋಡಿ ಒಮ್ಮೆ ಕೆಮ್ಮಿದಳು. "ಕೊನ್ರಾದ್, ಅರವತ್ತೊಂದು."

ಯಾರಿಗೂ ಯಾರ ಮುಖ ನೋಡುವ ಧೈರ್ಯವಿರಲಿಲ್ಲ. ಎಂದೂ ಗೆಲ್ಲದವನಿಗೆ ಹಾಕಿದರೆ ತನಗೆ ಅಡ್ಡಿಯಿಲ್ಲ ಎಂಬ ಜಾಣತನ ತನ್ನೊಬ್ಬನದೇ ಎಂದುಕೊಂಡಿದ್ದವರು ಊರಿಗೆ ಊರೇ. ತನ್ನ ಎರಡು, ಊರಿನ ಅರವತ್ತೊಂದು ಸೇರಿ ಅರವತ್ತಮೂರು ಅಂಕದಿಂದ ಕೊನ್ರಾದ್ ಗೆದ್ದ. ಸೈಯುನ್‌ಗೆ ನಾಲ್ಕು.

ಕೊನ್ರಾದ್ ವಿನಯದಿಂದ ಎದ್ದು ನಿಂತ. ಪಾದ್ರಿ ಗಂಟಲು ಸರಿಮಾಡಿಕೊಂಡ. "ಜನರ ತೀರ್ಪು, ತಲೆಬಾಗಲೇಬೇಕು. ಆದ್ರೆ ಈ ಸುಳ್ಳಿನ ವಿಷಯ ಇತ್ಯರ್ಥ ಆಗ್ಬೇಕಲ್ಲ? ಹತ್ತೊಂಬತ್ತು ಜನಕ್ಕೆ ಮಾತು ಕೊಟ್ಟು ಮೋಸ ಮಾಡೋದು ಅಂದ್ರೆ!"

ಎಲ್ಲರಿಗೂ ಹೋದ ಜೀವ ಬಂದಂತಾಯಿತು. ಹೌದು, ಮೋಸ! ಈ ಊರನ್ನು ಹಾಳುಮಾಡಿದ್ದೇ ಇಂಥ ಮೋಸ! ಐದು ನಿಮಿಷದಲ್ಲಿ ದೂರು ತಯಾರಾಯಿತು. ಹತ್ತೊಂಬತ್ತು ರುಜು, ಮೊದಲನೆಯದು ಆಲ್ದಿಸ್‌ದು. ಒಣಮೀನು, ಕುರಿತೊಡೆ ಕೊಟ್ಟವರೂ ರುಜು ಹಾಕಿದರು.

"ನನಗೆ ಇವನು ಯಾವ ಮಾತೂ ಕೊಟ್ಟಿರ್ಲಿಲ್ಲ" ಎಂದ ಕೊನ್ರಾದ್. "ಹಾಗಾಗಿ ನಾನು ನಿಷ್ಪಕ್ಷಪಾತವಾಗಿ ವಿಚಾರಿಸಬಹುದು."

ಉಲ್ಫಾರನ ಒಳಗೆ ಎರಡು ವರ್ಷದಿಂದ ಕುದಿಯುತ್ತಿದ್ದದ್ದು ಉಕ್ಕಿತು. "ನಾನು ಸುಳ್ಳು ಹೇಳಿದ್ದು ಹೌದು! ಒಂದು ಮತದ ಸುಳ್ಳು! ಇವನು ಹೇಳಿದ ಸುಳ್ಳಿಗೆ ಊರೇ ಮುಳುಗಿತಲ್ರೋ! ಕಾರ್ಖಾನೆ ಎಲ್ಲಿ? ದೋಣಿಗಳೆಲ್ಲಿ? ಅದನ್ನ ಕೇಳೋಕೆ ನಿಮಗೆ ಬಾಯಿಲ್ವಾ?" ಎಂದು ಕೂಗಿದ. ಸೈಯುನ್ ಒಬ್ಬಳೇ ಬಂದು ಅವನ ಮುಂದೆ ಕಾಗದ ಇಟ್ಟಳು. "ಬಾಯಲ್ಲಿ ಹೇಳ್ಬೇಡ, ಬರಿ. ನಾನೂ ರುಜು ಹಾಕ್ತೀನಿ."

ಬ್ಯಾಂಕು ಮುಳುಗಿದ ಕತೆಯನ್ನೆಲ್ಲ ಬರೆದು, ಇಬ್ಬರೂ ರುಜು ಹಾಕಿ ಹಾಲ್ದೋರಾಳ ಕೈಗಿತ್ತರು. ಅವಳು ಪುಸ್ತಕ ತಿರುವಿ ಓದಿದಳು. "ನೀತಿಗೆ ಸಂಬಂಧಪಟ್ಟ ದೂರುಗಳನ್ನೆಲ್ಲ ನೀತಿಪಾಲಕರಿಗೇ ಕೊಡತಕ್ಕದ್ದು." ಓದಿ, ಕಾಗದವನ್ನು ಕೊನ್ರಾದನ ಕೈಗಿಟ್ಟಳು.

ಕೊನ್ರಾದ್ ಅದನ್ನು ಮೊದಲಿನಿಂದ ಕೊನೆಯ ತನಕ ಸಾವಧಾನವಾಗಿ ಓದಿದ.

"ಬಹಳ ಗಂಭೀರ ಆರೋಪ. ಖಂಡಿತ ವಿಚಾರಿಸೋಣ" ಎಂದ. "ಆದ್ರೆ ಸೈಯುನ್ ಈ ಮನುಷ್ಯನ ಮತ ಪಡೆದೋಳು, ಅವಳ ರುಜು ಲೆಕ್ಕಕ್ಕೆ ಬರಲ್ಲ. ಉಳಿದಿದ್ದು, ಸುಳ್ಳುಗಾರ ಅಂತ ಹತ್ತೊಂಬತ್ತು ಜನ ದೂರು ಕೊಟ್ಟಿರೋನ ಮಾತು. ಮೊದಲು ಅದು ಮುಗೀಲಿ. ಸೋಮವಾರ ಹತ್ತು ಗಂಟೆಗೆ ಬಂದ್ಬಿಡು, ಉಲ್ಫಾರ್."

ಜನ ಚಪ್ಪಾಳೆ ತಟ್ಟಿದರು. ಎರಡು ವರ್ಷ ಹುಡುಕಿದ ಮೇಲೆ ಊರಿಗೆ ಕೊನೆಗೂ ಒಬ್ಬ ಅಪರಾಧಿ ಸಿಕ್ಕಿದ್ದ.