ನಲವತ್ತೆಂಟು ಕಿಲೋ ಬೆಲ್ಲದ ಹುಡುಗಿ

ಈ ಕತೆಯ ತಲೆಯನ್ನು ನನಗೆ ಮೊದಲು ಹೇಳಿದವರು ಡೊಂಬಿವಲಿಯ ನಮ್ಮ ಭಜನಾ ಮಂಡಳಿಯ ಹಾರ್ಮೋನಿಯಂ ಭಟ್ರು. ಬಾಲವನ್ನು ನಾನೇ ಕಣ್ಣಾರೆ ಕಂಡೆ. ಕಲ್ಯಾಣದಲ್ಲಿರುವ ನನ್ನ ಅಣ್ಣನ ಮಗಳ ದೆಸೆಯಿಂದ ಎದೆ ಧಸಕ್ಕೆನ್ನುವ ಪ್ರಸಂಗಗಳು ನಮಗೆ ತಪ್ಪಿದ್ದೇ ಇಲ್ಲ.

೧

ಅವಳು ಯಾವುದೋ ಕ್ಲಾಸಿಗೆ ಹೋಗುತ್ತಾಳೆಂದಷ್ಟೇ ನನಗೆ ಗೊತ್ತಿತ್ತು. ಭಜನೆಯ ಮಧ್ಯೆ ಭಟ್ರು ಬಗ್ಗಿ ಹೇಳಿದರು: "ನಿಮ್ಮ ಅಣ್ಣನ ಮಗಳು ಠಾಣೆಯಲ್ಲಿ ಒಬ್ಬಳನ್ನು ಎತ್ತಿ ನೆಲಕ್ಕೆ ಒಗೆದಳು ಮಾರಾಯ್ರೆ!"

ನನ್ನ ಕೈಯ ತಾಳ ನಿಂತಿತು. "ಪೊಲೀಸರು ಬಂದರಾ?"

"ಬಂದರು. ಪದಕ ಹಾಕಿದ್ದೇ ಅವರ ದೊಡ್ಡ ಸಾಹೇಬರು!"

ಅದು ಠಾಣೆ ಊರಿನಲ್ಲಿ ನಡೆದ ಜೂಡೋ ಎಂಬ ಕುಸ್ತಿಯಂಥ ಆಟವೆಂದು ಆಮೇಲೆ ತಿಳಿಯಿತು. ಮಗು ಕೈಕಾಲು ಮುರಿದುಕೊಳ್ಳದಿರಲಿ ಎಂದು ದೇವರಿಗೆ ಬೆಲ್ಲದ ತುಲಾಭಾರ ಹೇಳಿಕೊಂಡೆ.

೨

ಪದಕ ಬಂದದ್ದೇ ತಡ, ಕನ್ನಡ ಸಂಘಗಳ ಸನ್ಮಾನಗಳು ಶುರು. ಇಂದು ಕಳಂಬೋಲಿ, ನಾಳೆ ಸೀವುಡ್ಸ್. ಎಲ್ಲೆಡೆ ಶಾಲು, ಹಾರ, ಬಾಯಿಗೆ ಸಿಹಿ. ಅವಳ ಕೋಚ್ ಮರಾಠಿಯವರು, ತಲೆ ಚಚ್ಚಿಕೊಂಡರು: "ಕಾಕಾ, ಮುಂದಿನ ವಾರ ರಾಷ್ಟ್ರಮಟ್ಟದ ಸ್ಪರ್ಧೆ. ನಲವತ್ತೆಂಟು ಕಿಲೋ ಮೀರಿದರೆ ಆಟಕ್ಕೇ ಇಳಿಸುವುದಿಲ್ಲ. ವರ್ಷದ ದುಡಿಮೆ ಪಾನಿಮೇ, ನೀರುಪಾಲು!"

ಸೀವುಡ್ಸ್‌ನಲ್ಲಿ ಸಂಘದ ಅಧ್ಯಕ್ಷರು ಇಡೀ ಲಡ್ಡನ್ನೇ ಅವಳ ಬಾಯಿಗಿಟ್ಟರು. ನುಂಗಿದರೆ ತೂಕ, ಉಗುಳಿದರೆ ಅವಮಾನ. ಕೆನ್ನೆಯಲ್ಲಿಟ್ಟುಕೊಂಡು ನಿಂತಳು. "ಎರಡು ಮಾತಾಡಮ್ಮ" ಎಂದರು. ಅವಳು ಕೈ ಮುಗಿದಳು, ಅಷ್ಟೆ.

ಅಧ್ಯಕ್ಷರ ಕಣ್ಣು ತುಂಬಿತು. "ಇಷ್ಟು ಗೆದ್ದರೂ ತುಟಿ ಬಿಚ್ಚುವುದಿಲ್ಲ ನೋಡಿ, ಎಂಥ ವಿನಯ!"

೩

ಸ್ಪರ್ಧೆಗೆ ಮೂರು ದಿನ. ಹರಕೆ ಬಾಕಿ ಇಟ್ಟು ಕಳಿಸಬಾರದೆಂದು ತುಲಾಭಾರಕ್ಕೆ ದಿನ ಇಟ್ಟೆವು. ಕೋಚ್ ಮಾತನ್ನೇ ನಂಬಿ ಸರಿಯಾಗಿ ನಲವತ್ತೆಂಟು ಕಿಲೋ ಬೆಲ್ಲ ತಂದೆ. ದೇವರಿಗೆ ಕಡಿಮೆಯಾಗಬಾರದೆಂದು ನನ್ನ ಹೆಂಡತಿ ಹುಡುಗಿಗೆ ಬಳೆ, ಸರ, ಸೊಂಟಪಟ್ಟಿ ಎಲ್ಲ ತೊಡಿಸಿದಳು.

ಅರ್ಚಕರು ಅಷ್ಟೂ ಬೆಲ್ಲ ಪೇರಿಸಿದರು. ಹುಡುಗಿಯ ತಟ್ಟೆ ಮೇಲೇಳಲಿಲ್ಲ! ಕೋಚ್ ಮುಖ ಬಿಳುಚಿತು. ಹುಡುಗಿ ಅಳುಮುಖ ಮಾಡಿ, "ಚಿಕ್ಕಪ್ಪ, ಪಕಡೋ!" ಎಂದು ಬಳೆ, ಸರ, ಪಟ್ಟಿ ಒಂದೊಂದೇ ಕಳಚಿ ನನ್ನ ಕೈಗಿಟ್ಟಳು. ತಟ್ಟೆ ಜಪ್ಪಯ್ಯ ಅಂದರೂ ಏಳಲಿಲ್ಲ.

"ಯಾರು ತಿನ್ನಿಸಿದಿರಿ ಇವಳಿಗೆ?" ಎಂದು ಕೋಚ್ ದೇವರೆದುರೇ ಗುಡುಗಿದರು.

ನನ್ನ ಹೆಂಡತಿ ಮೆಲ್ಲಗೆ, "ಅವಳು ಏನೂ ತಿನ್ನಲಿಲ್ಲ. ನಿನ್ನೆ ಹೋಳಿಗೆಗೆಂದು ಇದರಲ್ಲೇ ಎರಡು ಕಿಲೋ ಬೆಲ್ಲ ತೆಗೆದಿದ್ದೆ" ಎಂದಳು.

"ದೇವರ ಬೆಲ್ಲ!" ಎಂದು ನಾನು ಕುಸಿದೆ. "ಹೋಳಿಗೆ ತಿಂದದ್ದು ಯಾರು?"

ಎಲ್ಲರೂ ಕೋಚ್ ಕಡೆ ನೋಡಿದರು. ನಿನ್ನೆ ನಮ್ಮಲ್ಲಿಗೆ ಊಟಕ್ಕೆ ಬಂದು, ತಮ್ಮ ಪುರಣಪೋಳಿಯೇ ಎಂದು ಹೊಗಳಿ ಹೊಗಳಿ ಹನ್ನೊಂದು ಹೋಳಿಗೆ ತಿಂದವರು ಅವರೇ.

ಅರ್ಚಕರು ಶಾಂತವಾಗಿ, "ಹಾಗಾದರೆ ಬೆಲ್ಲ ಎಲ್ಲಿಗೂ ಹೋಗಿಲ್ಲ. ಅವರನ್ನೂ ಬೆಲ್ಲದ ತಟ್ಟೆಯಲ್ಲಿ ಕೂರಿಸಿ" ಎಂದರು.

ಉಗ್ರಾಣದಿಂದ ಎರಡು ಕಿಲೋ ತಂದಿಟ್ಟ ಮೇಲೆ ತಟ್ಟೆ ಸಮವಾಯಿತು. ಹುಡುಗಿ ಆಡಿದಳು, ಬೆಳ್ಳಿ ತಂದಳು. ಈಗ ಮತ್ತೆ ಸನ್ಮಾನಕ್ಕೆ ಕರೆಗಳು ಬರುತ್ತಿವೆ. ಆದ್ದರಿಂದ ಓದಿದವರು ಈ ಕತೆಯನ್ನು ನಾಲ್ಕು ಜನಕ್ಕೆ ಹೇಳಿ; ಮೊದಲು ಸಂಘದ ಅಧ್ಯಕ್ಷರುಗಳಿಗೆ ಹೇಳಿ. ಶಾಲು ಎಷ್ಟು ಬೇಕಾದರೂ ಹೊದೆಸಲಿ, ಲಡ್ಡನ್ನು ಮಾತ್ರ ಕೋಚ್ ಬಾಯಿಗಿಡಲಿ.