ಹಣೆಪಟ್ಟಿಯ ಕೆಂಪು ದೀಪ

“ಈಗ ಹೇಳು, ನಿನಗೆ ಅರ್ಥ ಆಯ್ತಾ?” ಎಂದರು ನಮ್ಮ ಯಜಮಾನರು.

ಒಲೆಯ ಮೇಲೆ ದೋಸೆ ಸೀಯುತ್ತಿತ್ತು. “ಆಯ್ತು ಬಿಡ್ರೀ” ಎಂದೆ. ಅವರು ನನ್ನ ಹಣೆಗೆ ಕಟ್ಟಿದ್ದ ಪಟ್ಟಿಯ ಪುಟ್ಟ ದೀಪ ಕೆಂಪಗೆ ಹೊತ್ತಿಕೊಂಡಿತು. ಯಜಮಾನರು ಕುಣಿದಾಡಿಬಿಟ್ಟರು. ಮದುವೆಯಾದಾಗಿನಿಂದ ನಾನು ಹೇಳುತ್ತ ಬಂದ ಸುಳ್ಳು ಸಿಕ್ಕಿಬಿದ್ದದ್ದು ಅಂದೇ ಮೊದಲು!

ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ಮೇಲೆ ಅವರು ಮಾಡಿದ ಯಂತ್ರಗಳಿಗೆ ಲೆಕ್ಕವಿಲ್ಲ. ಈ ‘ಅರ್ಥಮಾಪಕ’ ಮಾತ್ರ ನನ್ನ ತಂಗಿಯ ಮಗಳು ಸಂಜೋತಾಳಿಗಾಗಿ. ಅವಳು ದಾವಣಗೆರೆಯ ನಮ್ಮ ಮನೆಯಲ್ಲಿದ್ದುಕೊಂಡು ಬಿ.ಎಡ್. ಓದುತ್ತಿದ್ದಾಳೆ. ಶಾಲೆಯಲ್ಲಿ ಮಕ್ಕಳಿಗೆ ಪಾಠ ಮಾಡಿ ತೋರಿಸುವ ಕೊನೆಯ ಪರೀಕ್ಷೆಯಲ್ಲಿ ತಂತ್ರಜ್ಞಾನ ಬಳಸದಿದ್ದರೆ ಫೇಲು. ಹಿಂದಿನ ಪಾಠದಲ್ಲಿ ಪ್ರೊಜೆಕ್ಟರ್ ಚಿತ್ರಗಳನ್ನೆಲ್ಲ ತಲೆಕೆಳಗಾಗಿ ತೋರಿಸಿ, ಪಾಪ, ಹುಡುಗಿ ಅತ್ತುಕೊಂಡು ಬಂದಿದ್ದಳು.

ತರಗತಿಯಲ್ಲಿ ಎಲ್ಲರಿಗೂ ನಿಜವಾಗಿ ಅರ್ಥವಾಗಿ ದೀಪ ಹಸಿರಾದರೆ ಮಾತ್ರ ಮುಂದಿನ ಚಿತ್ರ ಬರುತ್ತದೆ, ಇದು ಯಂತ್ರದ ಮಹಿಮೆ. ಅಷ್ಟಕ್ಕೇ ಬಿಟ್ಟಿದ್ದರೆ ಅವರು ನಮ್ಮ ಯಜಮಾನರೇ ಅಲ್ಲ. ಎಲ್ಲ ಹಸಿರಾಗದೆ ಗಂಟೆಯೂ ಹೊಡೆಯದಂತೆ ಶಾಲೆಯ ಗಂಟೆಯ ತಂತಿಯನ್ನೂ ಅದಕ್ಕೇ ಸೇರಿಸಿದರು.

ಪರೀಕ್ಷೆಯ ದಿನ ಪಟ್ಟಿಗಳ ಚೀಲ ಹೊತ್ತು ನಾನೂ ಶಾಲೆಗೆ ಹೋದೆ. ಪರೀಕ್ಷಕರಾದ ಪಂಚಾಕ್ಷರಯ್ಯನವರು ಕೊನೆಯ ಬೆಂಚಿನಲ್ಲಿ ಕುಳಿತಿದ್ದರು. ಯಜಮಾನರು ಅವರ ಹಣೆಗೂ ಒಂದು ಪಟ್ಟಿ ಬಿಗಿದರು. ಚಂದ್ರ ದಿನದಿನಕ್ಕೆ ಬೆಳೆದು ಕರಗುವುದು ಏಕೆ ಎಂಬ ಪಾಠವನ್ನು ಸಂಜೋತಾ ಗಿಳಿಯಂತೆ ಒಪ್ಪಿಸಿ, ಅರ್ಥವಾಯಿತೇ ಎಂದು ಕೇಳಿದಳು. ಮಕ್ಕಳು ರೂಢಿಯಂತೆ ರಾಗವಾಗಿ, “ಆಯ್ತು ಮಿಸ್” ಎಂದರು.

ಇಡೀ ತರಗತಿ ಕೆಂಪಗಾಯಿತು!

ಪರದೆಯ ಮೇಲಿನ ಹುಣ್ಣಿಮೆ ಚಂದ್ರ ಅಲ್ಲಾಡಲಿಲ್ಲ. ಊಟದ ಹೊತ್ತಾದರೂ ಗಂಟೆ ಹೊಡೆಯಲಿಲ್ಲ. ಪಕ್ಕದ ತರಗತಿಗಳ ಮಕ್ಕಳು ಕಿಟಕಿಗೆ ಮುತ್ತಿಕೊಂಡರು. ಆರಿಹೋಗುತ್ತದೆಂದು ಅಡುಗೆಯವರು ಬೇಯಿಸಿದ ಮೊಟ್ಟೆಗಳ ಬಕೆಟ್ಟನ್ನು ಬಾಗಿಲಿಗೇ ತಂದಿಟ್ಟರು. ತಂತಿ ಕಿತ್ತುಹಾಕಿ ಎಂದು ನಾನು ಪಿಸುಗುಟ್ಟಿದರೆ, ಇಕ್ಕಳ ಮನೆಯಲ್ಲೇ ಇದೆ ಎಂದರು ಯಜಮಾನರು.

ಸಂಜೋತಾಳ ಕಣ್ಣು ತುಂಬಿತು. ಆದರೆ ಹುಡುಗಿ ಬಕೆಟ್ಟನ್ನು ನೋಡಿದಳು, ಪ್ರೊಜೆಕ್ಟರಿನ ಬೆಳಕನ್ನು ನೋಡಿದಳು, ಕಣ್ಣೊರೆಸಿಕೊಂಡು ಕಿಟಕಿಗಳನ್ನು ಮುಚ್ಚಿಸಿದಳು. ಬೆಳಕೇ ಸೂರ್ಯ, ಮೊಟ್ಟೆಯೇ ಚಂದ್ರ, ನಿಮ್ಮ ತಲೆಯೇ ಭೂಮಿ ಎಂದಳು. ಮೊಟ್ಟೆಯನ್ನು ತಲೆಗಿಂತ ಕೊಂಚ ಮೇಲೆ ಹಿಡಿದು ನಿಂತಲ್ಲೇ ನಿಧಾನವಾಗಿ ತಿರುಗಬೇಕಂತೆ. ಮಕ್ಕಳು ಸರದಿಯಂತೆ ಬಂದು ತಿರುಗಿದರು. ಬೆಳಕಿಗೆ ಮುಖ ಮಾಡಿದಾಗ ಮೊಟ್ಟೆ ಕಪ್ಪು, ಪಕ್ಕಕ್ಕೆ ತಿರುಗಿದರೆ ಅರ್ಧ ಬೆಳಕು, ಬೆನ್ನು ಮಾಡಿದರೆ ಪೂರ್ತಿ ಬೆಳಕು! ಟಪಟಪನೆ ದೀಪಗಳು ಹಸಿರಾದವು. ನಾನೂ ಒಂದು ಸುತ್ತು ತಿರುಗಿದೆ. ಇಷ್ಟು ವರ್ಷ ನೋಡಿದ ಚಂದ್ರ ಅಂದು ಕೈಗೆ ಸಿಕ್ಕಿದ್ದ.

ಉಳಿದದ್ದು ಒಂದೇ ಕೆಂಪು ದೀಪ, ಕೊನೆಯ ಬೆಂಚಿನಲ್ಲಿ.

“ನನಗೆ ಗೊತ್ತಿರೋದೇ ಅಲ್ವೇನಮ್ಮ? ಭೂಮಿ ನೆರಳು ಬೀಳುತ್ತೆ, ಚಂದ್ರ ಸಣ್ಣಗಾಗ್ತಾನೆ” ಎಂದರು ಪರೀಕ್ಷಕರು. ದೀಪ ಇನ್ನಷ್ಟು ಕೆಂಪಾಯಿತು.

ಅಂಕ ಹಾಕುವವರಿಗೆ ತಪ್ಪು ಎನ್ನುವುದು ಹೇಗೆ? ಸಂಜೋತಾ ಒಂದು ಮೊಟ್ಟೆ ಮುಂದೆ ಚಾಚಿ, “ಸಾರ್, ನೀವೂ ಒಂದ್ಸಲ ತಿರುಗಿ ನೋಡ್ರಿ” ಎಂದಳು.

ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದ ಪಂಚಾಕ್ಷರಯ್ಯನವರು ಕರವಸ್ತ್ರದ ಮೇಲೆ ಒಂದನ್ನು ಕೂರಿಸಿಕೊಂಡು ತಿರುಗಿದರು. ಅರ್ಧ ಸುತ್ತಿಗೇ ನಿಂತು, ಬೆರಗಾಗಿ ನೋಡುತ್ತ, “ತಲೆಯ ನೆರಳು ಮೊಟ್ಟೆ ಮೇಲೆ ಬೀಳಲೇ ಇಲ್ಲವಲ್ಲ” ಎಂದರು. ದೀಪ ಹಸಿರಾಯಿತು. ಗಂಟೆ ಹೊಡೆಯಿತು. ಅವರು ಮಾತ್ರ ಇನ್ನೊಂದು ಸುತ್ತು ತಿರುಗಿದರು, ಆಮೇಲೆ ಮತ್ತೊಂದು.

ಪಟ್ಟಿ, ತಂತಿ ಎಲ್ಲ ಅಲ್ಲೇ ಬಿಟ್ಟು ಬಂದಿದ್ದೆವು. ಮರುದಿನ ಬೆಳಿಗ್ಗೆ ಶಾಲೆಯಿಂದ ಫೋನು. ಮಕ್ಕಳು ಆಸೆಯಿಂದ ಪಟ್ಟಿ ಕಟ್ಟಿಕೊಂಡೇ ಪ್ರಾರ್ಥನೆಗೆ ಬಂದಿದ್ದರಂತೆ. ಮುಖ್ಯೋಪಾಧ್ಯಾಯರು ಶಿಸ್ತಿನ ಬಗ್ಗೆ ಭಾಷಣ ಮಾಡಿದರಂತೆ. ದೀಪಗಳೆಲ್ಲ ಕೆಂಪು, ಆಗಿನಿಂದ ಗಂಟೆ ಹೊಡೆದಿಲ್ಲ, ಎಲ್ಲರೂ ಮೈದಾನದಲ್ಲೇ ನಿಂತಿದ್ದಾರೆ, ದಯವಿಟ್ಟು ಸಂಜೋತಾ ಮೇಡಮ್ಮನ್ನು ಕಳಿಸಿಕೊಡಿ!

ಯಜಮಾನರು ಇಕ್ಕಳ ಹುಡುಕತೊಡಗಿದರು. ಸಂಜೋತಾ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಫಲಿತಾಂಶಕ್ಕೆ ಮೊದಲೇ ಕೆಲಸಕ್ಕೆ ಕರೆ ಬಂದದ್ದು ನಮ್ಮ ವಂಶದಲ್ಲಿ ಇವಳೊಬ್ಬಳಿಗೇ.