ನಾಮಿನಿ ಸಹಿತ ಐಸ್ ಹಾಕಿ

ಹಾಕಿ ಎಂದರೆ ಹಾಕಿ. ನೆಲದ ಬದಲು ಮಂಜುಗಡ್ಡೆ, ಚೆಂಡಿನ ಬದಲು ಒಂದು ಕರಿ ಬಿಲ್ಲೆ, ಅಷ್ಟೇ. ಅದೂ ಟೀವಿಯೊಳಗೆ ಆಡುವುದು. ಬಿದ್ದರೆ ಮೊಣಕಾಲು ಕೂಡ ತರಚುವುದಿಲ್ಲ. ಇಪ್ಪತ್ತೆರಡು ವರ್ಷ ಬ್ಯಾಂಕಿನಲ್ಲಿ ಎಂತೆಂಥ ಗ್ರಾಹಕರನ್ನು ಸಂಭಾಳಿಸಿದವನಿಗೆ ಹತ್ತು ಹನ್ನೆರಡು ಗುಂಡಿಗಳ ಒಂದು ಡಬ್ಬಿ ಯಾವ ಲೆಕ್ಕ? ಹೀಗೆಂದು ನಾನು ಅಂದುಕೊಂಡಿದ್ದೆ. ಬರೀ ಅಂದುಕೊಂಡು ಸುಮ್ಮನಿದ್ದರೆ ಪರವಾಗಿರಲಿಲ್ಲ. ಬರೆದು ಸಹಿ ಮಾಡಿಕೊಟ್ಟೆ!

ನಾವು ಬಾಗಲಕೋಟೆ ಕಡೆಯವರು. ಬ್ಯಾಂಕಿನ ವರ್ಗಾವಣೆ ನಮ್ಮನ್ನು ನಾಸಿಕಕ್ಕೆ ತಂದು ಆಗಲೇ ಏಳು ವರ್ಷವಾಗಿತ್ತು. ಸಾತಪುರದ ಕಾರ್ಖಾನೆಗಳ ನಡುವೆ ನನ್ನ ಶಾಖೆ, ಸ್ಕೂಟರಿನಲ್ಲಿ ಹತ್ತು ನಿಮಿಷದ ದೂರದಲ್ಲಿ ಬಾಡಿಗೆ ಮನೆ. ಮನೆಯಲ್ಲಿ ನಾನು, ಹೆಂಡತಿ ಸುಮಂಗಲಾ, ಹನ್ನೆರಡು ವರ್ಷದ ಮಗಳು ಗಾರ್ಗಿ. ಗಾರ್ಗಿಗೆ ಕನ್ನಡ ಪೂರ್ತಿ ತಿಳಿಯುತ್ತದೆ. ಬೈದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಉತ್ತರ ಮಾತ್ರ ಮರಾಠಿಯಲ್ಲಿ!

ಇದರ ಬಿಸಿ ತಟ್ಟಿದ್ದು ನಮ್ಮವ್ವನಿಗೆ. ಪ್ರತಿ ಭಾನುವಾರ ಊರಿನಿಂದ ಫೋನ್ ಮಾಡುತ್ತಿದ್ದಳು. "ಊಟ ಆತೇನವಾ ಗಾರ್ಗಿ?" ಎಂದು ಆಕೆ ಕೇಳಿದರೆ, "ಹೋ ಅಜ್ಜಿ, ಕಧೀಚ ಝಾಲಂ" ಎಂದು ಇವಳು. ಹೂಂ, ಆಗಲೇ ಆಯಿತು ಎಂದರ್ಥ. ಒಂದು ಭಾನುವಾರ ಅವ್ವ ಸಿಟ್ಟಿಗೆದ್ದಳು.

"ಏ ತಮ್ಮಾ, ಆ ಹುಡಿಗಿ ಕೈಯಾಗ ಫೋನ್ ಕೊಡಬ್ಯಾಡ. ರಾಂಗ್ ನಂಬರ್ ಹತ್ತಿದಂಗ ಆಗತೈತಿ. ದೀಪಾವಳಿಗೆ ಬಂದು ಒಂದ ತಿಂಗಳ ಇರಬೇಕಂತ ಮಾಡೀನಿ. ಅಕಿ ನನ್ನ ಕೂಡ ಕನ್ನಡದಾಗ ಮಾತಾಡ್ಲಿಲ್ಲಂದ್ರ ಮರುದಿನದ ಬಸ್ಸಿಗೆ ವಾಪಸ್ ಹೊಂಟಬಿಡತೀನಿ, ನೋಡು!"

ಅವ್ವ ಹೇಳಿದ್ದನ್ನು ಮಾಡುವವಳು. ನನಗೆ ನಿಜವಾಗಿ ಹೆದರಿಕೆಯಾಯಿತು. ಮೊಮ್ಮಗಳ ಜೊತೆ ಮಾತಿಲ್ಲವೆಂದು ಬ್ಯಾಗು ಹಿಡಿದು ಬಸ್ ಹತ್ತುವ ತಾಯಿಯನ್ನು ನೆನೆಸಿಕೊಂಡರೇ ಊಟ ಸೇರುತ್ತಿರಲಿಲ್ಲ. ಗಾರ್ಗಿಗೆ ಬುದ್ಧಿ ಹೇಳಿದೆ, ಬೇಡಿಕೊಂಡೆ, ಚಾಕಲೇಟಿನ ಆಮಿಷ ತೋರಿಸಿದೆ. ಚಾಕಲೇಟು ಖರ್ಚಾಯಿತು.

ಅದೇ ಹೊತ್ತಿಗೆ ಸುಮಂಗಲಾಳ ಅಣ್ಣ ಬಂದ. ಈಗ ಛತ್ರಪತಿ ಸಂಭಾಜಿನಗರ ಎನ್ನುವ ಊರಿನಲ್ಲಿ, ಆಗ ಔರಂಗಾಬಾದ್ ಎನ್ನುತ್ತಿದ್ದರು, ಅವನಿಗೆ ಕೇಂದ್ರ ಸರ್ಕಾರದ ನೌಕರಿ. ತನ್ನ ಮಗನಿಗೆ ಹೊಸದು ಕೊಡಿಸಿದ್ದರಿಂದ ಹಳೆಯ ವೀಡಿಯೋ ಗೇಮ್ ಯಂತ್ರವನ್ನು ಗಾರ್ಗಿಗೆ ತಂದಿದ್ದ. ಜೊತೆಗೆ ಕೈಯಲ್ಲಿ ಹಿಡಿದು ಆಡುವ ಎರಡು ಗುಂಡಿ ಡಬ್ಬಿ, ಆಟದ ಡಿಸ್ಕು ಮಾತ್ರ ಒಂದೇ. ಐಸ್ ಹಾಕಿ! ನಮ್ಮ ಮನೆತನದಲ್ಲಿ ಮಂಜುಗಡ್ಡೆಯನ್ನು ಕಬ್ಬಿನ ಹಾಲಿನ ಗ್ಲಾಸಿನ ಹೊರಗೆ ಕಂಡವರು ಯಾರೂ ಇರಲಿಲ್ಲ.

ಎರಡೇ ದಿನದಲ್ಲಿ ಗಾರ್ಗಿ ಪರಿಣತಳಾದಳು. ನಾನು ಸೋಫಾದ ಮೇಲೆ ಕೂತು ನೋಡುತ್ತಿದ್ದೆ. ಆಟವೇನೋ ಅದ್ಭುತ. ಆಟಗಾರರು ಬಿಳಿ ನೆಲದ ಮೇಲೆ ಸೊಯ್ಯನೆ ಜಾರುತ್ತಾರೆ, ಕೋಲು ಬೀಸಿದರೆ ಬಿಲ್ಲೆ ಫಟಾರೆಂದು ಹಾರುತ್ತದೆ, ಸಾವಿರಾರು ಜನ ಹುಯ್ಯೆನ್ನುತ್ತಾರೆ. ನಮ್ಮ ಶಾಖೆಯಲ್ಲಿ ಒಂದು ಡಿಡಿ ಬರೆಯುವ ಹೊತ್ತಿಗೆ ಇಲ್ಲಿ ನಾಲ್ಕು ಗೋಲು! ನನ್ನ ತಲೆಯಲ್ಲಿ ದೀಪ ಹತ್ತಿತು.

"ಗಾರ್ಗಿ, ಒಂದು ಪಂದ್ಯ ಆಡೂಣು. ನಾ ಗೆದ್ರ, ಅಜ್ಜಿ ಇರೂತನಕ ನೀ ಮನ್ಯಾಗ ಬರೇ ಕನ್ನಡ ಮಾತಾಡಬೇಕು."

"ಆಣಿ ಮೀ ಜಿಂಕಲೆ ತರ?" ತಾನು ಗೆದ್ದರೆ ಏನೆಂದು ಕೇಳಿದಳು.

"ನೀ ಗೆದ್ರ ನಾ ಬರೇ ಮರಾಠಿ ಮಾತಾಡತೀನಿ!"

ಗಾರ್ಗಿ ನಕ್ಕಳು. ಅಡುಗೆಮನೆಯಲ್ಲಿ ಸುಮಂಗಲಾ ಇನ್ನೂ ಜೋರಾಗಿ ನಕ್ಕಳು. ಕಾರಣವಿತ್ತು. ಏಳು ವರ್ಷದಲ್ಲಿ ನಾನು ಕಲಿತ ಮರಾಠಿ ಒಟ್ಟು ಮೂರು ವಾಕ್ಯ. 'ಇಥೇ ಸಹೀ ಕರಾ', ಅಂದರೆ ಇಲ್ಲಿ ಸಹಿ ಮಾಡಿ. 'ಫೋಟೋ ಆಣಾ', ಫೋಟೋ ತನ್ನಿ. 'ಉದ್ಯಾ ಯಾ', ನಾಳೆ ಬನ್ನಿ. ಮಿಕ್ಕಿದ್ದೆಲ್ಲ ಹಿಂದಿಯಲ್ಲಿ ನಡೆಯುತ್ತಿತ್ತು.

ಬಾಯಿಮಾತಿನ ವ್ಯವಹಾರ ನನಗೆ ಒಗ್ಗುವುದಿಲ್ಲ. ಒಪ್ಪಂದವನ್ನು ಎರಡು ಪ್ರತಿಗಳಲ್ಲಿ ಬರೆದೆ. ಉಭಯ ಪಕ್ಷಗಳು, ದಿನಾಂಕ, ಷರತ್ತು, ಸಾಕ್ಷಿ. ಅವಧಿ: ಅಜ್ಜಿ ನಮ್ಮ ಮನೆಯಲ್ಲಿ ಇರುವಷ್ಟು ದಿನ. ಕೊನೆಗೆ ಏನೋ ಕಡಿಮೆಯಾದಂತೆ ಅನ್ನಿಸಿತು. ನಾಮಿನಿ ಕಾಲಮ್ಮು! ನಾಮಿನಿ ಇಲ್ಲದ ಫಾರ್ಮನ್ನು ಈ ಕೈ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಸ್ವೀಕರಿಸಿಲ್ಲ. 'ಅನಿವಾರ್ಯವಾದಲ್ಲಿ ಪಕ್ಷಗಾರರ ಪರವಾಗಿ ಅವರ ನಾಮಿನಿ ಆಡತಕ್ಕದ್ದು' ಎಂದು ಸೇರಿಸಿದೆ. ನಾನು ಅಭ್ಯಾಸಬಲದಿಂದ ಹೆಂಡತಿಯ ಹೆಸರು ತುಂಬಿದೆ. ಗಾರ್ಗಿ ಪೆನ್ನು ಕಚ್ಚುತ್ತ ಯೋಚಿಸಿ 'ಅಜ್ಜಿ' ಎಂದು ಬರೆದಳು. ನಾನು ಬೆನ್ನು ತಟ್ಟಿದೆ. ಎಷ್ಟು ಸಂಸ್ಕಾರವಂತ ಮಗಳು!

"ಸ್ಕೂಟರ್ ಸ್ಟ್ಯಾಂಡ್ ಹಾಕಾಕ ನಿಮಗ ಎರಡ ಕೈ ಸಾಲೂದಿಲ್ಲ," ಎಂದಳು ಸುಮಂಗಲಾ, ಸಾಕ್ಷಿಯಾಗಿ ಸಹಿ ಮಾಡುತ್ತ. "ಸುಮ್ನ ಮರ್ಯಾದಿ ಯಾಕ ಕಳಕೋತೀರಿ?"

ಪಂದ್ಯಕ್ಕೆ ಹದಿನೈದು ದಿನವಿತ್ತು. ಗಾರ್ಗಿ ಶಾಲೆಗೆ ಹೋದ ಮೇಲೆ, ನಾನು ಬ್ಯಾಂಕಿಗೆ ಹೊರಡುವ ಮೊದಲು ದಿನಾ ಮುಕ್ಕಾಲು ಗಂಟೆ ತಾಲೀಮು. ಮೊದಲ ದಿನ ನನ್ನ ಆಟಗಾರ ಓಡಿದ. ನಿಲ್ಲಿಸುವುದು ಹೇಗೆಂದು ತಿಳಿಯಲಿಲ್ಲ. ಗೋಡೆಗೆ ಹೋಗಿ ಬಡಿದ. ತಿರುಗಿಸಿದೆ. ಎದುರಿನ ಗೋಡೆಗೆ ಬಡಿದ! ಎರಡನೇ ದಿನ ಹೇಗೋ ಬಿಲ್ಲೆ ಹಿಡಿದು ಮುಂದಕ್ಕೆ ಜೋರಾಗಿ ತಳ್ಳಿದರೆ ಸೀಟಿ ಊದಿದರು. ಇನ್ನೊಂದು ಸಲ ಬಿಲ್ಲೆಗಿಂತ ಮೊದಲೇ ಗಡಿಗೆರೆ ದಾಟಿದನೆಂದು ಮತ್ತೆ ಸೀಟಿ. ಕರ್ತವ್ಯದಲ್ಲಿ ಉತ್ಸಾಹ ತೋರಿಸುವುದು ಈ ಆಟದಲ್ಲಿ ಅಪರಾಧ.

ಮೂರನೇ ದಿನ ಸತತ ಮೂರು ಗೋಲು ಹೊಡೆದೆ! ಕೂಗಿ ಕುಣಿದೆ. ನನ್ನ ಗದ್ದಲ ಕೇಳಿ ಕೆಳಗಿನ ಮನೆಯ ಪಾಟೀಲ ಕಾಕಾ ಮೇಲೆ ಓಡಿ ಬಂದರು. "ಕಾಯ ಝಾಲಂ? ಸಗಳಂ ಠೀಕ ಆಹೇ ನಾ?" ಏನಾಯಿತು, ಎಲ್ಲ ಸರಿಯಿದೆಯಲ್ಲ ಎಂದು ಕೇಳಿದರು. ಗಂಡ ಹೆಂಡತಿ ಜಗಳವಾಡುತ್ತಿದ್ದಾರೆಂದು ಅವರ ಎಣಿಕೆ. ನಾನು ಹೆಮ್ಮೆಯಿಂದ ಟೀವಿ ತೋರಿಸಿದೆ. ಕಾಕಾ ಕನ್ನಡಕ ಏರಿಸಿ ನೋಡಿ, ಅಂಕ ಎದುರು ಪಕ್ಷದ ಖಾತೆಗೆ ಜಮೆಯಾಗಿದೆ ಎಂದು ಮೆಲ್ಲಗೆ ತಿಳಿಸಿದರು. ಪ್ರತಿ ಸರದಿ ಮುಗಿದ ಮೇಲೆ ತಂಡಗಳು ದಿಕ್ಕು ಬದಲಿಸುತ್ತವಂತೆ. ಮೂರೂ ಗೋಲನ್ನು ನನಗೇ ಹೊಡೆದುಕೊಂಡಿದ್ದೆ!

ಇದಕ್ಕಿಂತ ಭಯಂಕರವಾದದ್ದು ಮೂಲೆಯ ಒಂದು ಗುಂಡಿ. ಅದನ್ನು ಒತ್ತಿದರೆ ನಮ್ಮ ಗೋಲ್ ಕೀಪರ್ ಗೋಲು ಬಿಟ್ಟು, ಹಿಂದೆ ಮುಂದೆ ನೋಡದೆ ಮೈದಾನದಿಂದಲೇ ಹೊರಟು ಹೋಗುತ್ತಾನೆ. ಸಾಲಿನಲ್ಲಿ ಐವತ್ತು ಜನ ನಿಂತಿರುವಾಗ ನಮ್ಮ ಕ್ಯಾಷಿಯರ್ ಊಟಕ್ಕೆ ಎದ್ದು ಹೋದ ಹಾಗೆ! ಆ ಗುಂಡಿಯ ಮೇಲೆ ಸುಮಂಗಲಾ ಹಣೆಗೆ ಹಚ್ಚುವ ಕೆಂಪು ಟಿಕಳಿ ಅಂಟಿಸಿದೆ. ಅದಾದ ಮೇಲೆ ಕಣ್ಣು ಅದರ ಮೇಲೆಯೇ ಹೋಗಿ, ಬೆರಳೂ ಹಿಂದೆಯೇ ಹೋಗತೊಡಗಿತು.

ಹತ್ತನೇ ದಿನ ಎರಡೂ ಹೆಬ್ಬೆರಳು ಬಾತುಕೊಂಡವು. ಶಾಖೆಯಲ್ಲಿ ಪಟ್ಟಿ ಕಟ್ಟಿಕೊಂಡು ಕೂತೆ. ಕೇಳಿದವರಿಗೆಲ್ಲ ಕೆಲಸದ ಒತ್ತಡ ಎಂದೆ. ಯಾರೂ ನಂಬಲಿಲ್ಲ. ಹನ್ನೊಂದನೇ ದಿನ ಮಾತ್ರ ಕಂಪ್ಯೂಟರನ್ನು ಎರಡು ಒಂದರಿಂದ ಸೋಲಿಸಿಯೇ ಬಿಟ್ಟೆ! ಅಂದು ಶಾಖೆಗೆಲ್ಲ ಪೇಢೆ ಹಂಚಿದೆ. ಅದು ಚಿಕ್ಕ ಮಕ್ಕಳಿಗಾಗಿ ಇಟ್ಟ ಸುಲಭದ ಮಟ್ಟವೆಂದು ಯಾರಿಗೂ ಹೇಳಲಿಲ್ಲ.

ಪಂದ್ಯ ಭಾನುವಾರ, ಅವ್ವ ಬರುವುದು ಸೋಮವಾರ ಎಂದು ನನ್ನ ಯೋಜನೆ. ಆದರೆ ಗುರುವಾರ ಬೆಳಿಗ್ಗೆಯೇ ಅವ್ವ ಬಾಗಿಲಲ್ಲಿ! "ನಮ್ಮೂರ ಗೌಂಡಿ ಮಂದಿ ಕಟ್ಟಡದ ಕೆಲಸಕ್ಕ ನಾಸಿಕಕ್ಕ ಹೊಂಟಿದ್ರು. ಜೊತಿ ಸಿಕ್ತು, ಬಂದಬಿಟ್ಟೆ," ಎಂದಳು. ಗಾರ್ಗಿಗೆ ದೀಪಾವಳಿ ರಜೆ ಶುರುವಾಗಿತ್ತು. ಇಬ್ಬರನ್ನೂ ಮನೆಯಲ್ಲಿ ಬಿಟ್ಟು ಬ್ಯಾಂಕಿಗೆ ಹೋದೆ. ದಿನವಿಡೀ ಮನಸ್ಸಿನಲ್ಲಿ ಮರುದಿನದ ಬಸ್ಸೇ ಓಡುತ್ತಿತ್ತು.

ಸಂಜೆ ಮನೆಗೆ ಬಂದರೆ ಬಾಗಿಲ ಹೊರಗೇ ದನಿ ಕೇಳಿಸಿತು.

"ಅಜ್ಜಿ, ಇದನ್ನ ಒತ್ತು. ಹಂಗಲ್ಲ, ಜೋರ್ ಒತ್ತಬ್ಯಾಡ! ಈಗ ಅಂವಾ ಓಡತಾನ ನೋಡು. ಓಡ್ತಾನ, ಓಡ್ತಾನ... ಹೊಡಿ ಅಜ್ಜಿ, ಹೊಡಿ!"

ಗಾರ್ಗಿ! ಕನ್ನಡ! ಅದೂ ನಮ್ಮೂರ ಕನ್ನಡ! ಅಜ್ಜಿಗೆ ಮರಾಠಿ ಬಾರದು, ಆಟ ಕಲಿಸದೆ ಗಾರ್ಗಿಗೆ ತಡೆಯದು. ಕಿಡಕಿಯಿಂದ ಇಣುಕಿದೆ. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಲದ ಮೇಲೆ ಪಟ್ಟಾಗಿ ಕೂತಿದ್ದಳು, ಮೊಮ್ಮಗಳು ಆಕೆಯ ಭುಜಕ್ಕೆ ಗದ್ದ ಊರಿದ್ದಳು. ನನ್ನ ಕಣ್ಣು ತುಂಬಿ ಬಂತು. ಕರವಸ್ತ್ರ ತೆಗೆದು ಒರೆಸಿಕೊಂಡೇ ಒಳಗೆ ಹೋದೆ.

ಸುಮಂಗಲಾ ನನ್ನನ್ನು ಅಡುಗೆಮನೆಗೆ ಎಳೆದಳು. "ನಿಮಗ ಬೇಕಾಗಿದ್ದು ಸಿಕ್ತಿಲ್ಲೋ? ಆ ಒಪ್ಪಂದ ಹರದು ಒಲಿಗೆ ಹಾಕ್ರಿ. ಆಟ ಪಾಟ ಏನೂ ಬ್ಯಾಡ."

ಬುದ್ಧಿವಂತನಾದವನು ಅಲ್ಲಿಗೇ ಕೈಮುಗಿಯುತ್ತಿದ್ದ. ನಾನು ಮಾತ್ರ, "ಸಹಿ ಆದ ಕಾಗದ ಹರಿಯಾಕ ಬರೂದಿಲ್ಲ! ಪಂದ್ಯ ಆಗಬೇಕು. ಗೆಲುವು ದಾಖಲೆಯೊಳಗ ಬರಬೇಕು!" ಎಂದೆ. ಎರಡು ಒಂದರ ಆ ವಿಜಯ ಇನ್ನೂ ತಲೆಯಿಂದ ಇಳಿದಿರಲಿಲ್ಲ.

ಭಾನುವಾರ ಮಧ್ಯಾಹ್ನ. ಪಾಟೀಲ ಕಾಕಾ ತೀರ್ಪುಗಾರರು. ನಾನು ಸ್ನಾನ ಮಾಡಿ, ವಿಭೂತಿ ಹಚ್ಚಿ, ಹೆಬ್ಬೆರಳಿಗೆ ಎಣ್ಣೆ ಸವರಿ ಕೂತೆ. ಗಾರ್ಗಿ ಒಪ್ಪಂದದ ಪ್ರತಿ ಬಿಡಿಸಿ ನಾಮಿನಿ ಕಾಲಮ್ಮಿನ ಮೇಲೆ ಬೆರಳಿಟ್ಟಳು.

"ಪಪ್ಪಾ, ತುಮ್ಹಾಲಾ ಹರವಾಯಲಾ ಅಜ್ಜಿ ಬಸ್!" ನನ್ನನ್ನು ಸೋಲಿಸಲು ಅಜ್ಜಿಯೇ ಸಾಕಂತೆ.

ನಾನು ಒಳಗೊಳಗೇ ಹಿಗ್ಗಿದೆ. ಅರವತ್ತೆಂಟು ವರ್ಷದ ನಮ್ಮವ್ವ! ಮೊಬೈಲಿನಲ್ಲಿ ಹಸಿರು ಗುಂಡಿ ಯಾವುದು ಕೆಂಪು ಗುಂಡಿ ಯಾವುದು ಎಂದು ಕೇಳುವವಳು! ಗೆಲುವು ನನ್ನ ಜೇಬಿನಲ್ಲೇ ಇತ್ತು.

ಮೊದಲ ಸರದಿಯಲ್ಲಿ ಎರಡು ಗೋಲು ಹೊಡೆದೆ. ಅವ್ವನಿಗೆ ಸೊನ್ನೆ. ಎರಡನೇ ಸರದಿ ಶುರುವಾಯಿತು. ಅದೇ ಹುರುಪಿನಲ್ಲಿ ಬಿಲ್ಲೆ ಹಿಡಿದು ಓಡಿ ಮತ್ತೊಂದು ಹೊಡೆದೆ. ಗಾರ್ಗಿ ಚಪ್ಪಾಳೆ ತಟ್ಟಿದಳು. ಮಗಳು ಚಪ್ಪಾಳೆ ತಟ್ಟಿದ್ದೇಕೆ ಎಂದು ಯೋಚಿಸುವಷ್ಟರಲ್ಲಿ ನೆನಪಾಯಿತು. ದಿಕ್ಕು! ಎರಡು ಒಂದು.

ಆಮೇಲೆ ಅವ್ವನ ಆಟಗಾರ ಬಿಲ್ಲೆ ಹಿಡಿದು ಬಂದ. ಈ ಆಟದಲ್ಲಿ ಎದುರಾಳಿಗೆ ಭುಜ ಕೊಟ್ಟು ಕೆಡವಬಹುದು. ಕೆಡವಿದೆ.

"ಏ! ನನ್ನ ದೂಡತೀಯೇನೋ?" ಅವ್ವ ಕಣ್ಣು ಬಿಟ್ಟಳು. "ಒಂಬತ್ತ ತಿಂಗಳ ಹೊತ್ತಾಕಿನ್ನ?"

"ತಪ್ಪಾತಬೇ," ಎಂದು ಗುಂಡಿ ಬಿಟ್ಟು ಕೈಮುಗಿದೆ. ಕೈಮುಗಿದಿದ್ದಾಗ ಅವ್ವ ಗೋಲು ಹೊಡೆದಳು! ಎರಡು ಎರಡು.

ಕೊನೆಯ ಸರದಿ. ಅವ್ವನ ಮಂದಿ ನನ್ನವರನ್ನು ಒಬ್ಬೊಬ್ಬರನ್ನಾಗಿ ಮಕಾಡೆ ಕೆಡವುತ್ತ ಬಂದರು. "ಅವ್ವಾ, ನೀ ದೂಡಬಹುದೇನು?" ಎಂದೆ.

"ನಾ ತಾಯಿ. ತಿದ್ದಾಕತ್ತೀನಿ."

ಪಾಟೀಲ ಕಾಕಾ ಟೀವಿಯ ಮೂಲೆಯ ಗಡಿಯಾರದ ಕಡೆ ಬೆರಳು ತೋರಿಸಿದರು. ಅರ್ಧ ನಿಮಿಷ ಉಳಿದಿತ್ತು. ಬಿಲ್ಲೆ ನನಗೆ ಸಿಕ್ಕಿತು. ಎದುರಿಗೆ ಯಾರೂ ಇಲ್ಲ. ಈಗ ಒಂದೇ ಒಂದು ಹೊಡೆತ! ಸರ್ವಶಕ್ತಿಯನ್ನೂ ಹೆಬ್ಬೆರಳಿಗೆ ತಂದು ಒತ್ತಿದೆ. ಎಣ್ಣೆ ಸವರಿದ ಬೆರಳು. ಜಾರಿತು. ಕೆಂಪು ಟಿಕಳಿಯ ಮೇಲೆ ಹೋಗಿ ಕೂತಿತು.

ನನ್ನ ಗೋಲ್ ಕೀಪರ್ ಶಾಂತವಾಗಿ ಊಟಕ್ಕೆ ಹೊರಟ!

"ಏ, ನಿಲ್ಲೋ! ನಿಲ್ಲೋ ನಮ್ಮಪ್ಪಾ!" ಎಂದು ಟೀವಿಗೆ ಕೂಗಿದೆ. ಅವನು ತಿರುಗಿಯೂ ನೋಡಲಿಲ್ಲ. ಆ ಗಡಿಬಿಡಿಯಲ್ಲಿ ಬಿಲ್ಲೆ ಅವ್ವನ ಪಾಲಾಯಿತು. "ಮೆಲ್ಲಕ ತಳ್ಳು ಅಜ್ಜಿ, ಒಳಗ ಯಾರೂ ಇಲ್ಲ!" ಎಂದಳು ಗಾರ್ಗಿ. ಅವ್ವ ಮೆಲ್ಲಗೆ ತಳ್ಳಿದಳು. ಬಿಲ್ಲೆ ಯಾವ ಅವಸರವೂ ಇಲ್ಲದೆ ಜಾರುತ್ತ ಜಾರುತ್ತ ಖಾಲಿ ಗೋಲಿನೊಳಗೆ ಹೋಗಿ ನಿಂತಿತು. ಮೂರು ಎರಡು. ಸೀಟಿ!

ಅಜ್ಜಿ ಮೊಮ್ಮಗಳು ಅಪ್ಪಿಕೊಂಡು ಕುಣಿದರು. ಪಾಟೀಲ ಕಾಕಾ ಎರಡೂ ಪ್ರತಿಗಳ ಮೇಲೆ ಷರಾ ಬರೆದರು. ಸುಮಂಗಲಾ ನನ್ನ ಕೈಯಿಂದ ಡಬ್ಬಿ ಇಸಿದುಕೊಂಡು ಅದಕ್ಕೆ ಮೆತ್ತಿದ ಎಣ್ಣೆ ಒರೆಸಿದಳು. ಅದೇ ಜಾಸ್ತಿ ನೋವಾಯಿತು.

ಆವತ್ತು ರಾತ್ರಿ ಊಟಕ್ಕೆ ಕೂತೆವು. ಅವ್ವ ಕರ್ಚಿಕಾಯಿ ಬಡಿಸುತ್ತಿದ್ದಳು. ಮನೆಯಲ್ಲಿ ಕನ್ನಡ ಎಂದೂ ಇಲ್ಲದಷ್ಟು ಗಲಗಲ ಎನ್ನುತ್ತಿತ್ತು. ಮಾತಾಡಬಾರದವನು ನಾನೊಬ್ಬನೇ! ಅರ್ಧ ಗಂಟೆ ಪದಗಳನ್ನು ಹೊಂದಿಸಿ ಅವ್ವನಿಗೆ ಹೇಳಿದೆ, "ಮಲಾ ಆಣಖೀ ದೋನ ಪಾಹಿಜೇತ." ನನಗೆ ಇನ್ನೂ ಎರಡು ಬೇಕು.

"ಏನಂತಾನವಾ ಅಂವಾ?" ಎಂದು ಅವ್ವ ಗಾರ್ಗಿಯನ್ನು ಕೇಳಿದಳು.

"ಪಪ್ಪಾಗ ಸಾಕಂತ ಅಜ್ಜಿ. ನನಗ ಹಾಕಂತ."

ಎರಡೂ ಅವಳ ತಟ್ಟೆಗೆ ಬಿದ್ದವು. ಅವ್ವ ಅವಳ ತಲೆ ಸವರಿ, "ಎಷ್ಟ್ ಚಂದ ಮಾತಾಡತೈತಿ ನನ್ನ ಕೂಸು! ಒಂದ ತಿಂಗಳು ಯಾತಕ್ಕ ಸಾಲತೈತಿ? ಯುಗಾದಿ ಮಾಡಿಕೊಂಡ ಹೋಗತೀನಿ ತಗೋ," ಎಂದಳು.

ಯುಗಾದಿ! ದೀಪಾವಳಿಯಿಂದ ಯುಗಾದಿಗೆ ಐದು ತಿಂಗಳು! 'ಅಜ್ಜಿ ಇರುವಷ್ಟು ದಿನ' ಎಂದು ಬರೆದ ಪಂಡಿತ ಯಾರು? ನಾನೇ! ದಡಕ್ಕನೆ ಎದ್ದು ಏನೋ ಹೇಳಹೋದೆ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಒಂದೇ ಮರಾಠಿ, ಬ್ಯಾಂಕಿನ ಆ 'ನಾಳೆ ಬನ್ನಿ'.

"ಉದ್ಯಾ ಯಾ!"

"ಏನಂತವಾ?"

"ನೀ ಇರತೀನಂದಿದ್ದಕ್ಕ ಪಪ್ಪಾಗ ಭಾಳ ಖುಷಿ ಆತಂತ ಅಜ್ಜಿ."

ಆ ಅನುವಾದ ತಪ್ಪೆಂದು ಎದೆ ಮುಟ್ಟಿಕೊಂಡು ಹೇಳಲಾರೆ. ಹೇಳುವುದಾದರೂ ಮರಾಠಿಯಲ್ಲಿ ಹೇಳಬೇಕಿತ್ತು, ಅದನ್ನು ಅವ್ವನಿಗೆ ಗಾರ್ಗಿಯೇ ತಿಳಿಸಬೇಕಿತ್ತು. ಮುಂದಿನ ಐದು ತಿಂಗಳು ನನ್ನ ಮನೆಯಲ್ಲಿ ನಾನು ಏನು ಹೇಳಿದೆ ಎಂಬುದು ನನಗೆ ಗೊತ್ತಾಗುತ್ತಿದ್ದದ್ದೂ ಅವಳು ಹೇಳಿದ ಮೇಲೆಯೇ.